ಕಥೆಯೊಳಗಣ ಸದ್ದು

ಕಥೆಯನ್ನು ಓದುವಾಗ ಕೆಲಸವೆಲ್ಲ ಕಣ್ಣಿನದು, ಕಿವಿಗೆ ಆ ಹೊತ್ತು ವಿರಾಮವೆಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಆದರೆ ಎಂದೋ ಓದಿ ಮುಚ್ಚಿಟ್ಟ ಒಂದು ಒಳ್ಳೆಯ ಕಥೆಯನ್ನು ಈಗ ನೆನಪಿಗೆ ತಂದುಕೊಂಡು ನೋಡಿರಿ. ಮೊದಲು ಮರಳಿ ಬರುವುದು ಅದರ ನೀತಿಯಲ್ಲ, ಪಾತ್ರಗಳ ಮೂಗು ಮೋರೆಗಳೂ ಅಲ್ಲ. ಯಾರೋ ಕೂಗಿದ ಒಂದು ಕೂಗು, ಒಂದು ಕೆಮ್ಮು, ಅರ್ಧರಾತ್ರಿಯಲ್ಲಿ ಕಿರುಗುಟ್ಟಿದ ಒಂದು ಬಾಗಿಲು, ಇಂಥವೇ ಮುಂದೆ ಬಂದು ನಿಲ್ಲುತ್ತವೆ. ಸದ್ದೇ ಇಲ್ಲದ ಕಾಗದದ ಮೇಲೆ ಈ ಸದ್ದು ಹೇಗೆ ಉಳಿಯಿತು, ಉಳಿಯದೆ ಹೋದಲ್ಲಿ ಏಕೆ ಹೋಯಿತು ಎಂಬ ಸಣ್ಣ ಚರಿತ್ರೆಯನ್ನು ಈ ಹೊತ್ತು ನಿಮ್ಮ ಮುಂದಿಡಬೇಕೆಂದಿದ್ದೇವೆ. ಉದಾಹರಣೆಗಳನ್ನು ಹೆಚ್ಚಾಗಿ ನಮಗೆ ಪರಿಚಯವಿರುವ ಸೀಮೆಯಿಂದಲೇ, ಎಂದರೆ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯಿಂದ ತೆಗೆದುಕೊಳ್ಳುತ್ತೇವೆ.

ಮೊದಲು ನಮ್ಮದೇ ಒಂದು ಅಪರಾಧವನ್ನು ಒಪ್ಪಿಕೊಳ್ಳುವುದು ಒಳ್ಳೆಯದು. ಇಪ್ಪತ್ತೈದು ವರ್ಷಗಳ ಕೆಳಗೆ, ಕಾಲೇಜಿನಲ್ಲಿ ಓದುತ್ತಿದ್ದಾಗ, ರಜೆಯಲ್ಲಿ ಸಿಂದಗಿ ತಾಲ್ಲೂಕಿನ ನಮ್ಮ ಹಳ್ಳಿಗೆ ಹೋಗಿ, ತಾಯಿಯ ತಾಯಿಯಾದ ನಮ್ಮ ಆಯಿಯ ಬಾಯಿಂದ ಕೆಲವು ಕಥೆಗಳನ್ನು ಬರೆದುಕೊಂಡೆವು. ಅದರಲ್ಲಿ ಕನ್ನಡ ನಾಡಿನ ಮಕ್ಕಳೆಲ್ಲರೂ ಬಲ್ಲ ಕಾಗಕ್ಕ ಗುಬ್ಬಕ್ಕರ ಕಥೆಯೂ ಒಂದು. ಕಾಗೆಯ ಸಗಣಿಯ ಮನೆ ಮಳೆಗೆ ಕರಗಿಹೋಗುತ್ತದೆ. ಕಾಗೆ ಗುಬ್ಬಿಯ ಕಲ್ಲುಮನೆಯ ಬಾಗಿಲಿಗೆ ಬರುತ್ತದೆ. ಗುಬ್ಬಿ ಒಂದಲ್ಲ ಒಂದು ನೆವ ಹೇಳಿ ಬಾಗಿಲು ತೆರೆಯದೆ ಕಾಯಿಸುತ್ತದೆ. ಆಯಿ ಹೇಳುವಾಗ ಮೊದಲನೆಯ ಸಲ ಕಾಗೆಯ ದನಿ ಗಡುಸಾಗಿರುತ್ತಿತ್ತು: “ಗುಬ್ಬಕ್ಕಾಽಽ, ಕದಾ ತಗಿ!” ಗುಬ್ಬಿ ಒಳಗಿನಿಂದ ಸಣ್ಣ ಗಂಟಲಿನಲ್ಲಿ, “ತಡಿಯಽ ಯವ್ವಾ, ಕೂಸಿಗಿ ಎಣ್ಣಿ ಹಚ್ಚಾಕತ್ತೀನಿ” ಎನ್ನುತ್ತಿತ್ತು. ಎರಡನೆಯ ಸಲ ಕಾಗೆಗೆ ನಡುಕ ಹತ್ತಿ, “ಗುಬ್ಬಕ್ಕಾ” ಎಂಬ ಒಂದು ಮಾತೇ ನಾಲ್ಕು ತುಂಡಾಗುತ್ತಿತ್ತು. ಮೂರನೆಯ ಸಲ ಮಾತೇ ಇಲ್ಲ, ಉಸಿರು ಮಾತ್ರ. ಕೊನೆಗೆ ಒಲೆಯ ಬದಿಯಲ್ಲಿ ಕಾಗೆಯ ಗತಿ ಏನಾಯಿತೆಂದು ಹೇಳಿ ಆಯಿ ನಾಲಗೆಯನ್ನು ಹಲ್ಲಿಗೆ ಹಚ್ಚಿ ಎರಡು ಸಲ ಲೊಚಗುಟ್ಟಿದರೆ, ಕತ್ತಲಲ್ಲಿ ಕುಳಿತ ನಾವೆಲ್ಲ ಮಕ್ಕಳು ಅಳುವಂತಾಗುತ್ತಿದ್ದೆವು.

ಇದನ್ನು ನಾವು ಹೇಗೆ ಬರೆದುಕೊಂಡೆವು? ಆ ಪುಸ್ತಕ ಇಂದಿಗೂ ನಮ್ಮಲ್ಲಿದೆ. “ಕಾಗೆಯು ಗುಬ್ಬಿಯ ಮನೆಗೆ ಹೋಗಿ ಬಾಗಿಲನ್ನು ತೆರೆಯಬೇಕೆಂದು ಕೇಳಿಕೊಂಡಿತು. ಗುಬ್ಬಿಯು ತಾನು ಮಗುವಿಗೆ ಎಣ್ಣೆ ಹಚ್ಚುತ್ತಿರುವುದಾಗಿ ತಿಳಿಸಿತು. ಹೀಗೆ ಮೂರು ಬಾರಿ ನಡೆಯಿತು. ಕಡೆಗೆ ಕಾಗೆಯ ಸ್ಥಿತಿಯು ಶೋಚನೀಯವಾಯಿತು.” ಒಂದು ವ್ಯಾಕರಣದೋಷವೂ ಇಲ್ಲ. ಆಯಿ ತೀರಿಕೊಂಡು ಅನೇಕ ವರ್ಷಗಳಾದ ಮೇಲೆ, ಆಕೆಯ ದನಿಯನ್ನು ಮತ್ತೊಮ್ಮೆ ಕೇಳುವ ಆಸೆಯಿಂದ ಆ ಪುಸ್ತಕವನ್ನು ತೆರೆದೆವು. ಅಲ್ಲಿ ಆಕೆ ಇರಲಿಲ್ಲ. ಪರೀಕ್ಷೆಗೆ ಉತ್ತರ ಬರೆಯುತ್ತಿದ್ದ ಒಬ್ಬ ಹುಡುಗನಿದ್ದನು.

ಇದು ಭಾಷೆಯ ಬಡತನವೆಂದು ಹೇಳಿ ತಪ್ಪಿಸಿಕೊಳ್ಳಲು ಬರುವಂತಿಲ್ಲ. ಸದ್ದನ್ನು ಹಿಡಿಯುವುದರಲ್ಲಿ ಕನ್ನಡದಷ್ಟು ಸಿರಿವಂತ ಭಾಷೆಗಳು ವಿರಳ. ಸುಮಾರು 1260ರಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನು ತನ್ನ ವ್ಯಾಕರಣವನ್ನು ಆರಂಭಿಸುವುದೇ ಶಬ್ದವು ಹುಟ್ಟುವ ಬಗೆಯಿಂದ. ದೇಹವೇ ವಾದ್ಯ, ನಾಲಗೆಯೇ ಬಾರಿಸುವ ಕೋಲು, ಬಾರಿಸುವವನು ಆತ್ಮ. ಹೀಗೆ ಹುಟ್ಟಿದ ಶಬ್ದದ ಬಣ್ಣ ಬಿಳುಪು ಎಂದು ಆತನ ಮತ. ಬಿಳುಪೇಕೆಂದು ನಮ್ಮ ವಿದ್ಯಾರ್ಥಿಗಳು ಪ್ರತಿ ವರ್ಷವೂ ಕೇಳುತ್ತಾರೆ. ನಾವು ಪ್ರತಿ ವರ್ಷವೂ ಬೇರೆ ಬೇರೆ ಉತ್ತರ ಹೇಳುತ್ತೇವೆ. ಅದಿರಲಿ. ಸದ್ದನ್ನು ಅನುಕರಿಸುವ ಮಾತುಗಳಿಗೆ ನಮ್ಮ ವ್ಯಾಕರಣದಲ್ಲಿ ಅನುಕರಣಾವ್ಯಯವೆಂಬ ಪ್ರತ್ಯೇಕ ಪೀಠವೇ ಇದೆ. ಚಟಚಟ, ಜುಳುಜುಳು, ಧೊಪ್ಪನೆ, ರಪ್ಪನೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವರಿಗೆಲ್ಲ ಅದು ಗೊತ್ತು. ಆದರೆ ಅವುಗಳೊಳಗಿನ ಸೂಕ್ಷ್ಮವನ್ನು ಯಾರೂ ತೋರಿಸಿಕೊಡುವುದಿಲ್ಲ. ಕಿಲಕಿಲನೆ ನಗುವುದು ಬೇರೆ, ಕಿಲಕ್ಕನೆ ನಗುವುದು ಬೇರೆ. ಮೊದಲನೆಯದು ಸ್ವಲ್ಪ ಹೊತ್ತು ನಡೆಯುವ ನಗೆ, ಎರಡನೆಯದು ಬಂದು ಹಾಗೆಯೇ ಅಡಗಿದ್ದು. ಕಿಸಕ್ಕನೆ ನಕ್ಕವಳು ಬಾಯಿಗೆ ಸೆರಗು ಹಚ್ಚಿರುತ್ತಾಳೆ. ಘೊಳ್ಳೆಂದು ನಗುವುದಕ್ಕೆ ನಾಲ್ಕು ಜನ ಬೇಕು. ಅಳುವಿನಲ್ಲಿಯೂ ಹಾಗೆಯೇ: ಮುಸುಮುಸು ಅಳುವವಳಿಗೆ ತನ್ನ ಅಳು ಪಕ್ಕದ ಕೋಣೆಗೆ ಕೇಳಬಾರದು, ಗೊಳೋ ಎಂದು ಅಳುವವಳಿಗೆ ಊರಿಗೇ ಕೇಳಬೇಕು. ಇವು ಕೇವಲ ಸದ್ದಿನ ಹೆಸರುಗಳಲ್ಲ. ಅಳುವವರ ಸಂದರ್ಭವೇ ಅವುಗಳಲ್ಲಿ ಅಡಗಿದೆ.

ಇನ್ನೊಂದು ಮಾತು. ಈ ಶಬ್ದಗಳನ್ನು ವಾಕ್ಯಕ್ಕೆ ಕಟ್ಟುವ ಹುರಿ ಯಾವುದು? ‘ಎನ್ನು’ ಎಂಬ ಕ್ರಿಯಾಪದ. ಮನುಷ್ಯನು “ಬಾ” ಎಂದನು. ಕೊಡವು ಧೊಪ್ಪೆಂದು ಬಿದ್ದಿತು. ಎರಡಕ್ಕೂ ಒಂದೇ ಕ್ರಿಯೆ. ಕನ್ನಡದಲ್ಲಿ ಬೀಳುವ ಕೊಡವೂ ಏನೋ ಒಂದನ್ನು ಅನ್ನುತ್ತದೆ. ನಮ್ಮ ಸೀಮೆಯಲ್ಲಂತೂ ಮಾತನಾಡದಿರುವವನೂ ‘ಗಪ್ಪ’ ಕುಳಿತಿರುತ್ತಾನೆ, ಬಿಸಿಲು ‘ರಣರಣ’ ಹೊಡೆಯುತ್ತದೆ. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲದಿದ್ದಾಗ ಆ ಬೀದಿ ‘ಬಿಕೋ’ ಎನ್ನುತ್ತದೆ. ನಿಶ್ಶಬ್ದಕ್ಕೇ ಒಂದು ಶಬ್ದವನ್ನು ಕೊಟ್ಟಿರುವ ಭಾಷೆ ನಮ್ಮದು! ಈ ಬಗೆಯ ಮಾತುಗಳು ದ್ರಾವಿಡ ಭಾಷೆಗಳಲ್ಲಿಯೂ ಆರ್ಯಭಾಷೆಗಳಲ್ಲಿಯೂ ಒಂದೇ ಸಮನಾಗಿ ಹರಡಿಕೊಂಡಿರುವುದನ್ನು ಅಮೆರಿಕೆಯ ಭಾಷಾಶಾಸ್ತ್ರಜ್ಞ ಎಮೆನೋ ಅವರು 1969ರ ಒಂದು ಪ್ರಬಂಧದಲ್ಲಿ ವಿವರಿಸಿದ್ದಾರೆ. ಅದಕ್ಕೂ ಬಹಳ ಹಿಂದೆ, 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟ್ಟೆಲರ ಕೋಶವು ಇಂಥ ಅನುಕರಣದ ಮಾತುಗಳನ್ನು ಬಹು ಆದರದಿಂದ ತನ್ನೊಳಕ್ಕೆ ಸೇರಿಸಿಕೊಂಡಿತ್ತು. ಜರ್ಮನಿಯಿಂದ ಬಂದ ಒಬ್ಬ ಪಾದ್ರಿಯ ಕಿವಿಗೆ ಬಿದ್ದದ್ದು ನಮ್ಮ ಪದವೀಧರರ ಕಿವಿಗೆ ಬೀಳದೆ ಹೋದುದು ಸೋಜಿಗವೇ ಸರಿ.

ಹಳೆಯ ವೈಯಾಕರಣರು ಕೂಗಿಗೂ ಒಂದು ಗುರುತನ್ನು ಮಾಡಿಟ್ಟಿದ್ದರು. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಮೂರು ಮಾತ್ರೆಯದು ಪ್ಲುತ. ದೂರದವನನ್ನು ಕರೆಯುವಾಗ, ಹಾಡುವಾಗ, ಅಳುವಾಗ ಸ್ವರವು ಪ್ಲುತವಾಗುವುದೆಂದು ಶಾಸ್ತ್ರ. ಸಂಸ್ಕೃತದ ಬರಹದಲ್ಲಿ ಇದಕ್ಕೆ ಮೂರರ ಅಂಕಿಯನ್ನು ಹಾಕುವ ಪದ್ಧತಿಯೂ ಇದೆ. ಮನುಷ್ಯನ ದನಿ ಎಲ್ಲೆ ಮೀರುವ ಮೂರು ಹೊತ್ತುಗಳನ್ನು ಇಷ್ಟು ಸರಿಯಾಗಿ ಗುರುತಿಸಿದವರು ಹೊಲದ ಬದುವಿನ ಮೇಲೆ ನಿಂತು ಕೇಳಿರಲೇಬೇಕು. ವಿಜಯಪುರದಲ್ಲಿ 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲಶಹನ ಸಮಾಧಿಯಾದ ಗೋಳಗುಮ್ಮಟದ ಮೇಲಿನ ಮೊಗಸಾಲೆಗೆ ಹೋದವರು ಬಲ್ಲರು: ಅಲ್ಲಿ ಪಿಸುಮಾತು ಎದುರುಗೋಡೆಗೆ ತಲುಪುತ್ತದೆ, ಕೂಗಿದ ಹೆಸರು ಮತ್ತೆ ಮತ್ತೆ ಹಿಂದಿರುಗಿ ಬರುತ್ತದೆ. ನಮ್ಮ ಹಳ್ಳಿಗಳ ಮಕ್ಕಳು ಅಲ್ಲಿಗೆ ಹೋದರೆ ಮಾಡುವ ಮೊದಲ ಕೆಲಸ “ಏ ಮಲ್ಲ್ಯಾಽಽಽ” ಎಂದು ಜೊತೆಗಾರನನ್ನು ಕೂಗುವುದು. ಆ ಕೂಗನ್ನು ಬರೆಯಲು ಪ್ಲುತವಲ್ಲದೆ ಬೇರೆ ಗತಿಯಿಲ್ಲ.

ಹಾಗಾದರೆ ಬರಹದಲ್ಲಿ ದನಿ ಮೊದಲಿನಿಂದಲೂ ಇರಲಿಲ್ಲವೇ? ಇತ್ತು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಹುಟ್ಟಿದ ಬಾಗೇವಾಡಿಯೇ ಇಂದಿನ ಬಸವನ ಬಾಗೇವಾಡಿ. ಆ ಕಾಲದ ಶರಣರು ತಮ್ಮ ಬರಹಕ್ಕೆ ವಚನವೆಂಬ ಹೆಸರನ್ನು ಪಡೆದರು. ಎಂದರೆ ಅದು ನುಡಿದದ್ದು. ಅಯ್ಯಾ, ನೋಡಾ, ಕಾಣಾ ಮುಂತಾದ ಸಂಬೋಧನೆಗಳು ಅವುಗಳಲ್ಲಿ ಹೆಜ್ಜೆ ಹೆಜ್ಜೆಗೂ ಸಿಗುತ್ತವೆ. ಅರ್ಥಮಾತ್ರವೇ ಬೇಕೆನ್ನುವವನು ಇವನ್ನು ಹೊಡೆದುಹಾಕಬಹುದು. ಹೊಡೆದುಹಾಕಿದರೆ ಎದುರಿಗೆ ಕುಳಿತ ಮನುಷ್ಯನೂ ಎದ್ದುಹೋಗುತ್ತಾನೆ. ಹದಿನೈದನೆಯ ಶತಮಾನದಲ್ಲಿ ಈ ವಚನಗಳನ್ನೇ ಪೋಣಿಸಿ ಶೂನ್ಯಸಂಪಾದನೆಯೆಂಬ ಸಂಭಾಷಣೆಯ ಕಥನವನ್ನು ಕಟ್ಟಲು ಸಾಧ್ಯವಾದದ್ದು, ನಮ್ಮ ಅಭಿಪ್ರಾಯದಲ್ಲಿ, ಅವುಗಳಲ್ಲಿ ಆ ಉಸಿರು ಉಳಿದಿದ್ದುದರಿಂದಲೇ. ಗದುಗಿನ ಕುಮಾರವ್ಯಾಸನ ಯುದ್ಧದ ಅಬ್ಬರವನ್ನು ಗಮಕಿಗಳ ಬಾಯಲ್ಲಿ ಕೇಳಿದವರಿಗೆ ನಾವು ಹೆಚ್ಚು ಹೇಳಬೇಕಾದುದಿಲ್ಲ.

ತೊಡಕು ಬಂದದ್ದು ಅಚ್ಚಿನ ಗದ್ಯದ ಕಾಲಕ್ಕೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಚ್ಚಿನ ಮನೆಗಳು ಬಂದವು; ತಾಳೆಗರಿಯಲ್ಲಿ ಇಲ್ಲದ ಉದ್ಧರಣಚಿಹ್ನೆ, ಆಶ್ಚರ್ಯಚಿಹ್ನೆಗಳು ಇಂಗ್ಲಿಷಿನಿಂದ ಬಂದವು. ಲೇಖಕರಿಗೆ ದೊಡ್ಡ ಅನುಕೂಲವೇ ಆಯಿತು. ಆದರೆ ಗುರುತು ಬಂದಿತೆಂದು ಗಂಟಲು ಬರುವುದಿಲ್ಲ. ಮೊದಲ ಕಾದಂಬರಿಗಳಲ್ಲಿ ಬಹುಪಾಲು ಪಾತ್ರಗಳು, ಅರಸನಿರಲಿ ಆಳಿರಲಿ, ಉದ್ಧರಣಚಿಹ್ನೆಯೊಳಗೆ ನಿಂತು ಗ್ರಂಥದ ಕನ್ನಡವನ್ನೇ ಆಡುತ್ತವೆ. ತಾಳಿಕೋಟೆಯ ಕಾಳಗವೆಂದು ಪ್ರಸಿದ್ಧವಾದ 1565ರ ಜನವರಿ 23ರ ಯುದ್ಧವನ್ನೇ ನೋಡಿರಿ. ಅದಕ್ಕೆ ಇನ್ನೊಂದು ಹೆಸರನ್ನು ಕೊಟ್ಟ ರಕ್ಕಸಗಿ, ತಂಗಡಗಿಗಳು ಮುದ್ದೇಬಿಹಾಳದ ಸೀಮೆಯ ಹಳ್ಳಿಗಳು. ಗಳಗನಾಥರು ಆ ಪತನವನ್ನು, ಮರಾಠಿಯ ಹರಿ ನಾರಾಯಣ ಆಪ್ಟೆಯವರ ವಜ್ರಾಘಾತವನ್ನು ಅನುಸರಿಸಿ, ‘ಕನ್ನಡಿಗರ ಕರ್ಮಕಥೆ’ಯಾಗಿ ಬರೆದರು, ಅದನ್ನು ಓದಿ ಕಣ್ಣೀರು ಹಾಕಿದ ಮನೆಗಳೆಷ್ಟೋ. ಆ ಹಿರಿಯರ ಋಣವನ್ನು ಮರೆಯದೆಯೇ ಒಂದು ಮಾತನ್ನು ಹೇಳಬಹುದು. ಆ ತಲೆಮಾರಿನ ಐತಿಹಾಸಿಕ ಕಾದಂಬರಿಗಳಲ್ಲಿ ಯುದ್ಧದ ಸದ್ದು ಸಾಮಾನ್ಯವಾಗಿ ವಿಶೇಷಣದಲ್ಲಿಯೇ ಮುಗಿದುಹೋಗುತ್ತದೆ. ಘೋರವಾದದ್ದು, ಭಯಂಕರವಾದದ್ದು, ವರ್ಣಿಸಲಸದಳವಾದದ್ದು. ಅಹಮದನಗರದವರ ತೋಪುಗಳಲ್ಲಿ ತಾಮ್ರದ ದುಡ್ಡುಗಳನ್ನು ತುಂಬಿ ಹಾರಿಸಿದರೆಂದು ಫೆರಿಷ್ತನ ಚರಿತ್ರೆಯಲ್ಲಿದೆ. ತುಂಬಿದ ಚೀಲ ಹರಿದಂತೆ ದುಡ್ಡು ಹಾರಿ ಬರುವ ಸದ್ದು ಎಂಥದು? ಕೃಷ್ಣೆಯ ದಡದಲ್ಲಿ ಜೋಳದ ಹೊಲ ಕಾಯುತ್ತಿದ್ದವನ ಕಿವಿಗೆ ಅದು ಹೇಗೆ ಬಿದ್ದೀತು? ಭಯಂಕರವೆಂದುಬಿಟ್ಟರೆ ಇದಾವುದೂ ಕೇಳಿಸುವುದಿಲ್ಲ. ನಮ್ಮ ಕಾಗೆಯ ಸ್ಥಿತಿಯು ಶೋಚನೀಯವಾದಂತೆಯೇ.

ಬದಲಾವಣೆಯ ಒಂದು ಬೀಜವು ಕಥೆಗಾರರಿಂದಲ್ಲ, ಹಾಡು ಕೂಡಿಸುವವರಿಂದ ಬಿದ್ದಿತೆಂದು ನಮ್ಮ ನಂಬಿಕೆ. ಆಗಿನ ಇಂಡಿ ತಾಲ್ಲೂಕಿನ ಹಲಸಂಗಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು, ಕಾಪಸೆ ರೇವಪ್ಪನವರು ಮೊದಲಾದ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಪದಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು; 1933ರಲ್ಲಿ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಬಂದವು. ಅವರ ಮುಂದಿದ್ದ ಪ್ರಶ್ನೆಯೇ ನಮ್ಮ ಪ್ರಶ್ನೆ. ಬೀಸುವ ಕಲ್ಲಿನ ಮುಂದೆ ಕುಳಿತವಳು ಮೂರು ಸಾಲಿನ ತ್ರಿಪದಿಯನ್ನು ಹಾಡುವಾಗ ನಡುವಿನ ಸಾಲಿನ ಭಾಗವನ್ನು ತಿರುಗಿ ಎತ್ತಿಕೊಳ್ಳುತ್ತಾಳೆ. ಗೂಟವನ್ನು ನೂಕುವಲ್ಲಿ ಉಸಿರು ಬಿಡುತ್ತಾಳೆ, ಎಳೆಯುವಲ್ಲಿ ಸ್ವರವನ್ನು ಎಳೆಯುತ್ತಾಳೆ. ಕೆಳಗೆ ಕಲ್ಲಿನ ಗರಗರ. ಇದೆಲ್ಲ ಕಾಗದಕ್ಕೆ ಬಾರದು. ಅವರು ಬಿಡಬೇಕಾದುದನ್ನು ಬಿಟ್ಟರು. ಆದರೆ ಅವಳ ನುಡಿಯನ್ನು ತಿದ್ದಲಿಲ್ಲ. ಇದು ಸಣ್ಣ ಧೈರ್ಯವಲ್ಲ. ಮನೆ ಅವಳಿಗೆ ‘ಮನಿ’ಯಾದರೆ ಮನಿಯೇ ಉಳಿಯಿತು. ಇಂದು ಹಿಟ್ಟಿನ ಗಿರಣಿಗಳು ಬಂದು ಬೀಸುವ ಕಲ್ಲುಗಳು ಮೂಲೆ ಸೇರಿವೆ. ಆ ನಸುಕಿನ ಸದ್ದು ಎಷ್ಟು ಉಳಿದಿದೆಯೋ ಅಷ್ಟೂ ಆ ಹಾಳೆಗಳಿಂದಲೇ ಉಳಿದಿದೆ.

ಲಿಪಿಯ ತೊಂದರೆ ಎಂಥದೆಂಬುದಕ್ಕೆ ಎರಡು ನಿದರ್ಶನ ಸಾಕು. ನಮ್ಮ ಕಡೆಯವರು ‘ಪೇಟೆ’ಯನ್ನು ಉಚ್ಚರಿಸುವಾಗ ಬರುವ ಮೊದಲ ಸ್ವರವು ‘ಏ’ಯೂ ಅಲ್ಲ, ‘ಆ’ಯೂ ಅಲ್ಲ, ನಡುವಿನದು. ಅದಕ್ಕೆ ಅಕ್ಷರವಿಲ್ಲ. ‘ಪ್ಯಾಟಿ’, ‘ಬ್ಯಾಡ’, ‘ಮ್ಯಾಲ’ ಎಂದು ಯಕಾರವನ್ನು ಸಾಲ ತಂದು ಬರೆಯುತ್ತೇವೆ. ಓದುವವನು ಯಕಾರವನ್ನೇ ಉಚ್ಚರಿಸಿದರೆ ಕೆಟ್ಟಿತು. ಎರಡನೆಯದು ಇನ್ನೂ ನಾಜೂಕು. ‘ಅವನೇ ಬಂದ’ ಎಂಬಲ್ಲಿ ನಮ್ಮವರು ಏಕಾರವನ್ನು ಹಚ್ಚುವುದಿಲ್ಲ, ‘ಅವನ’ ಎಂಬುದರ ಕೊನೆಯ ಅಕಾರವನ್ನು ಸ್ವಲ್ಪ ಎಳೆಯುತ್ತಾರೆ. ಹಾಗೆಯೇ ಬರೆದರೆ ‘ಅವನ ಮನಿ’ ಎಂಬಲ್ಲಿಯ ‘ಅವನ’ ಆಗಿಬಿಡುತ್ತದೆ. ‘ಅವನಾ’ ಎಂದು ಬರೆದರೆ ಪ್ರಶ್ನೆಯಾಗುತ್ತದೆ. ಧಾರವಾಡದ ಕಡೆಯ ಲೇಖಕರು, ಬೇಂದ್ರೆಯವರೇ ಮೊದಲಾಗಿ, ಸಂಸ್ಕೃತದ ಅವಗ್ರಹವನ್ನು ಇಲ್ಲಿಗೆ ತಂದು ‘ಅವನಽ’ ಎಂದು ಬರೆದರು. ಶಾಸ್ತ್ರಿಗಳ ಗ್ರಂಥದಲ್ಲಿ ಲೋಪವಾದ ಅಕಾರದ ಗುರುತಾಗಿದ್ದ ಆ ಸೊಟ್ಟ ಗೆರೆಯು ಉತ್ತರ ಕರ್ನಾಟಕದ ಕಥೆಗಳಲ್ಲಿ ಜೀವಂತ ಅಕಾರದ ಗುರುತಾಯಿತು. ಮೈಸೂರಿನ ಕಡೆಯ ಸ್ನೇಹಿತರೊಬ್ಬರು ಇದನ್ನು ಅಚ್ಚಿನ ತಪ್ಪೆಂದು ತಿಳಿದು ಒಂದು ಪುಸ್ತಕದಲ್ಲಿ ಪೆನ್ಸಿಲಿನಿಂದ ಉದ್ದಕ್ಕೂ ಹೊಡೆದುಹಾಕಿದ್ದನ್ನು ನಾವು ಕಂಡಿದ್ದೇವೆ.

ಇಂಡಿಯ ಅದೇ ಸೀಮೆಯ ಅಗರಖೇಡದಲ್ಲಿ 1904ರಲ್ಲಿ ಹುಟ್ಟಿದ ಶ್ರೀರಂಗರು ಲಂಡನ್ನಿಗೆ ಹೋಗಿ ಓದಿ ಬಂದು ಧಾರವಾಡದಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾದರೂ, ನಾಟಕ ಬರೆಯುವಾಗ ಮನೆಯ ಮಾತನ್ನು ಬಿಡಲಿಲ್ಲ. ನಾಟಕಕಾರನಿಗೆ ಒಂದು ಸೌಕರ್ಯವಿದೆ: ಅವನು ಬರೆದದ್ದಕ್ಕೆ ನಟನು ಗಂಟಲು ಕೊಡುತ್ತಾನೆ. ಕಾದಂಬರಿಕಾರನಿಗೆ ಅದಿಲ್ಲ. ಆ ಕಾರಣದಿಂದಲೇ 1957ರ ‘ಗ್ರಾಮಾಯಣ’ದಲ್ಲಿ ರಾವ್ ಬಹಾದ್ದೂರರು ಹಳೆಯ ವಿಜಾಪುರ ಜಿಲ್ಲೆಯ ಕಡೆಯ ಮಾತಿನಲ್ಲಿ ಇಡಿಯ ಹಳ್ಳಿಯನ್ನು ಮಾತಾಡಿಸಿದ್ದು ನಮಗೆ ದೊಡ್ಡ ಕೆಲಸವಾಗಿ ತೋರುತ್ತದೆ. ಅಷ್ಟರಲ್ಲಿ ಬೇರೆ ಕಡೆಗಳಲ್ಲಿಯೂ ಕಿವಿಗಳು ತೆರೆದಿದ್ದವು. 1933ರ ‘ಚೋಮನ ದುಡಿ’ಯಲ್ಲಿ ಚೋಮನು ಬಾಯಿಂದ ಹೇಳಲಾರದುದನ್ನು ದುಡಿಯಿಂದ ಹೇಳುತ್ತಾನೆ. 1984ರಲ್ಲಿ ಬಂದ ದೇವನೂರ ಮಹಾದೇವರ ‘ಕುಸುಮಬಾಲೆ’ಯು ನಂಜನಗೂಡಿನ ಕಡೆಯ ನುಡಿಯನ್ನು ನಿರೂಪಣೆಗೂ ಹಚ್ಚಿತು, ಮೊದಲ ಪುಟದಲ್ಲಿ ನಾವೂ ತಡವರಿಸಿದೆವು, ಗಟ್ಟಿಯಾಗಿ ಓದಿದ ಮೇಲೆ ದಾರಿ ಸಿಕ್ಕಿತು.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಸದ್ದನ್ನು ಬರೆಯುವುದೆಂದರೆ ಪುಟದ ತುಂಬ ಢಮಾರ್, ಫಟಾರ್ ಎಂದು ಸಿಡಿಮದ್ದು ಹಾರಿಸುವುದೆಂದು ತಿಳಿದವರಿದ್ದಾರೆ. ಪ್ರತಿಯೊಂದು ಮಾತಿಗೂ ‘ಉದ್ಗರಿಸಿದನು’, ‘ಗುಡುಗಿದನು’, ‘ಅರಚಿದನು’ ಎಂದು ಬಾಲ ಕಟ್ಟುವವರೂ ಇದ್ದಾರೆ. ಎಲ್ಲರೂ ಗುಡುಗುವ ಕಥೆಯಲ್ಲಿ ಯಾರೂ ಕೇಳಿಸುವುದಿಲ್ಲ. ‘ಅಂದನು’ ಎಂಬ ಬಡ ಕ್ರಿಯಾಪದವೇ ಬಹು ಕಡೆ ಸಾಕು. ಅದಕ್ಕಿಂತ ಹೆಚ್ಚು ನೋಯಿಸುವುದು ಮತ್ತೊಂದು: ನಾಟಕದಲ್ಲಾಗಲಿ ಚಲಚ್ಚಿತ್ರದಲ್ಲಾಗಲಿ ನಮ್ಮ ಕಡೆಯ ನುಡಿಯನ್ನು ಎಷ್ಟೋ ಸಲ ಪೆದ್ದನ ಬಾಯಿಗೆ, ಅಡುಗೆಯವನ ಬಾಯಿಗೆ, ನಗಿಸುವವನ ಬಾಯಿಗೆ ಹಾಕಿರುತ್ತಾರೆ. ನಾಯಕನ ಎದೆ ಒಡೆಯುವ ಹೊತ್ತಿಗೆ ಮಾತು ಗ್ರಾಂಥಿಕವಾಗುತ್ತದೆ. ಸಿಂದಗಿಯಿಂದ ಬಂದ ವಿದ್ಯಾರ್ಥಿಯೊಬ್ಬನು ನಮ್ಮ ತರಗತಿಯಲ್ಲಿ ಎದ್ದುನಿಂತು ‘ಹ್ಯಾಂಗ’ ಎಂದು, ಸುತ್ತಲಿನವರು ಘೊಳ್ಳೆಂದು ನಕ್ಕಾಗ, ಅವನು ಆ ವರ್ಷವೆಲ್ಲ ಮತ್ತೆ ಬಾಯಿ ತೆರೆಯಲಿಲ್ಲ. ಅಂದು ನಗು ನಿಂತ ಮೇಲೆ ನಾವೂ ಪಾಠವನ್ನು ಮುಂದುವರಿಸಿದೆವೇ ಹೊರತು, ನಾವೂ ಆ ಊರಿನವರೇ ಎಂದು ಹೇಳಲಿಲ್ಲ. ಕಥೆಯನ್ನು ತಿದ್ದಿ ಬರೆದ ಅಪರಾಧಕ್ಕಿಂತ ಅದು ದೊಡ್ಡದು.

ಕಳೆದ ಬೇಸಗೆಯಲ್ಲಿ ಆ ಹಳೆಯ ಪುಸ್ತಕವನ್ನು ಮುಂದಿಟ್ಟುಕೊಂಡು ಕಾಗಕ್ಕ ಗುಬ್ಬಕ್ಕರ ಕಥೆಯನ್ನು ಮತ್ತೆ ಬರೆಯಲು ಕುಳಿತೆವು. ಕದವು ಕದಾ ಆಯಿತು, ಕರೆಯುವಲ್ಲಿ ಅವಗ್ರಹ ಬಂದಿತು, ಮೂರನೆಯ ಕೂಗಿಗೆ ಬರಿಯ ಚುಕ್ಕೆಗಳು. ಕೊನೆಯ ಲೊಚಗುಟ್ಟುವಿಕೆ ಮಾತ್ರ ಸಾಧಿಸಲಿಲ್ಲ. ಉಸಿರನ್ನು ಒಳಕ್ಕೆ ಎಳೆದುಕೊಂಡು ಮಾಡುವ ಆ ಸದ್ದಿಗೆ ವರ್ಣಮಾಲೆಯಲ್ಲಿ ಸ್ಥಾನವೇ ಇಲ್ಲ. ನಮ್ಮ ಅಕ್ಷರಗಳೆಲ್ಲ ಉಸಿರನ್ನು ಹೊರಕ್ಕೆ ಬಿಡುವಂಥವು. ಕೇಶಿರಾಜನ ಬಿಳಿಯ ಶಬ್ದವೂ ಹೊರಕ್ಕೇ ಬರ‍ತಕ್ಕದ್ದು. ಕಡೆಗೆ ‘ಚ್ಚ್, ಚ್ಚ್’ ಎಂದು ಬರೆದು, ಎಂಬತ್ತು ಸಮೀಪಿಸಿರುವ ನಮ್ಮ ತಾಯಿಯವರಿಗೆ ಓದಿ ಹೇಳಿದೆವು. ಅವರು ಕಣ್ಣುಮುಚ್ಚಿ ಕೇಳಿದರು. ಕೊನೆಗೆ ಬಂದಾಗ ತಲೆಯಲ್ಲಾಡಿಸಿ, “ಹಿಂಗಲ್ಲೋ ತಮ್ಮಾ. ನಮ್ಮವ್ವ ಹಿಂಗ ಅಂತಿದ್ಲು” ಎಂದು ನಾಲಗೆಯನ್ನು ಹಲ್ಲಿಗೆ ಹಚ್ಚಿ ಎರಡು ಸಲ ಆ ಸದ್ದನ್ನು ಮಾಡಿದರು. ಒಳಗಿನ ಕೋಣೆಯಲ್ಲಿ ಆಡುತ್ತಿದ್ದ ನಮ್ಮ ಮಗಳು ಬಾಗಿಲಿಗೆ ಬಂದು, ಯಾರಿಗೆ ಏನಾಯಿತೆಂದು ಕೇಳಿದಳು.